ಶಿವಮೊಗ್ಗದ ಹಳೆಯ ಬಡಾವಣೆಗಳ ವಯಸ್ಸಾದ ಮರಗಳ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಶಿವಮೊಗ್ಗ ಮಹಾನಗರ ಪಾಲಿಕೆ,
ವೃಕ್ಷಾಧಿಕಾರಿಗಳು, ಅರಣ್ಯ ಇಲಾಖೆ, ಶಿವಮೊಗ್ಗ,
ಹಾಗೂ ನಗರದ ಹಳೆಯ ಬಡಾವಣೆಗಳ ಎಲ್ಲ ಮನೆಯವರಿಗೆ.

ವಿಷಯ: ಹಳೆಯ ಮನೆಗಳ ಸುತ್ತಲಿನ ವಯಸ್ಸಾದ ಮರಗಳನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ತಪಾಸಣೆ ಮಾಡಿ ಆರೈಕೆಗೆ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ಮೊದಲ ಗುಡುಗು ಗಾಳಿ ಬೀಸಿದ ಮರುದಿನ ನಮ್ಮ ಊರಿನಲ್ಲಿ ಮರಗಳ ಬಗ್ಗೆ ಮಾತು ಶುರುವಾಗುತ್ತದೆ. ಎಲ್ಲೋ ಒಂದು ಗುಲ್‌ಮೊಹರ್ ನಿಲ್ಲಿಸಿದ್ದ ಕಾರಿನ ಮೇಲೆ ಒರಗಿರುತ್ತದೆ, ಇನ್ನೆಲ್ಲೋ ಮಾವಿನ ಹರೆ ಮುರಿದು ಹೆಂಚಿನ ಮಾಡು ಒಡೆದಿರುತ್ತದೆ, ಮತ್ತೊಂದು ಕಡೆ ತಂತಿ ಹರಿದು ಇಡೀ ಬೀದಿ ಕತ್ತಲಾಗಿರುತ್ತದೆ. ಆಗ ಕೇಳಿಬರುವ ಅಭಿಪ್ರಾಯಗಳು ಎರಡೇ. ಹಳೆಯ ಮರಗಳೆಲ್ಲ ಅಪಾಯ, ಕಡಿಸಿಬಿಡಿ ಎನ್ನುವವರು ಒಂದು ಕಡೆ. ಒಂದು ಮರವನ್ನೂ ಮುಟ್ಟಕೂಡದು ಎನ್ನುವವರು ಇನ್ನೊಂದು ಕಡೆ. ಈ ಎರಡೂ ಕಡೆಯವರಲ್ಲಿ ಆ ಮರದ ಬುಡಕ್ಕೆ ಹೋಗಿ ಬಗ್ಗಿ ನೋಡಿದವರು ಬಹಳ ಕಡಿಮೆ. ಮುಂಗಾರು ಹಿಡಿದುಕೊಂಡ ಮೇಲೆ ಮಾತು ತಣ್ಣಗಾಗುತ್ತದೆ, ಮರುವರ್ಷದ ಭರಣಿಯವರೆಗೆ ಯಾರಿಗೂ ನೆನಪಿರುವುದಿಲ್ಲ.

ಆ ಗಾಬರಿಯಾಗಲಿ ಸಿಟ್ಟಾಗಲಿ ಇಲ್ಲದ ಕಾಲದಲ್ಲಿಯೇ ಈ ವಿಷಯ ಚರ್ಚೆಯಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ಹಳೆಯ ಮರವೊಂದರ ವಿಚಾರವಾಗಿ ಇಂದು ನಾಗರಿಕನೊಬ್ಬ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ಎರಡು ಕಾರಣಗಳಿಗೆ: ಕಡಿಸಲು ಅನುಮತಿ ಕೇಳುವುದಕ್ಕೆ, ಇಲ್ಲವೇ ಬಿದ್ದ ಮರವನ್ನು ತೆಗೆಸುವುದಕ್ಕೆ. ಈ ಎರಡರ ನಡುವೆ ಇರುವ, ಹಲವು ದಶಕಗಳಷ್ಟು ದೀರ್ಘವಾಗಿರಬಹುದಾದ ಅವಧಿಯಲ್ಲಿ ಆ ಮರವನ್ನು ನೋಡಿ, ತಟ್ಟಿ, ಬೇಕಾದಷ್ಟೇ ಸವರಿ, ಬುಡ ಬಿಡಿಸಿ, ಇನ್ನಷ್ಟು ವರ್ಷ ನಿಲ್ಲುತ್ತದೆ ಎಂದೋ ಇನ್ನು ನಿಲ್ಲದು ಎಂದೋ ಬರೆದುಕೊಡುವ ವ್ಯವಸ್ಥೆಯೊಂದು ನಮಗೆ ಬೇಕಾಗಿದೆ.

ವಿನೋಬನಗರ, ರವೀಂದ್ರನಗರ, ರಾಜೇಂದ್ರನಗರ, ಗಾಂಧಿನಗರ, ಜಯನಗರಗಳಂಥ ಬಡಾವಣೆಗಳಲ್ಲಿ ಮನೆ ಕಟ್ಟಿದ ಮೊದಲ ತಲೆಮಾರಿನವರಲ್ಲಿ ಅನೇಕರು ಹಳ್ಳಿಯ ತೋಟದ ಮನೆಗಳಿಂದ ಬಂದವರು. ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಬರುವಾಗ ಊರಿನ ಮಾವಿನ ಓಟೆಯನ್ನೋ ಕಸಿ ಗಿಡವನ್ನೋ ತಂದು ಹಿತ್ತಲಲ್ಲಿ ನೆಟ್ಟರು. ಹಲಸು, ನೇರಳೆ, ಸಂಪಿಗೆ, ಒಂದೆರಡು ತೆಂಗು, ಬಾವಿಯ ಪಕ್ಕ ಒಂದು ನುಗ್ಗೆ. ಕಾಂಪೌಂಡಿನ ಹೊರಗೆ, ರಸ್ತೆ ಬದಿಯಲ್ಲಿ, ಬೇಗ ಬೆಳೆದು ನೆರಳು ಕೊಡುವ ಹೊರನಾಡಿನ ಮರಗಳು ಬಂದವು: ಮಡಗಾಸ್ಕರ್ ಮೂಲದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಮಳೆಮರ, ಆಫ್ರಿಕಾದ ನೀರುಕಾಯಿ ಮರ, ಹಳದಿ ಹೂವಿನ ಕಾಪರ್‌ಪಾಡ್, ಆಕಾಶಮಲ್ಲಿಗೆ. ಒಂದು ಬಡಾವಣೆ ಒಂದೇ ಕಾಲಕ್ಕೆ ಕಟ್ಟಿಕೊಂಡಿತೆಂದರೆ ಅಲ್ಲಿನ ಮರಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಅವುಗಳಿಗೆ ಮುಪ್ಪು ಬರುವುದೂ ಹೆಚ್ಚುಕಡಿಮೆ ಒಟ್ಟಿಗೆ. ನಮ್ಮ ಹಳೆಯ ಬೀದಿಗಳಲ್ಲಿ ಈಗ ಆಗುತ್ತಿರುವುದು ಅದೇ. ನೆಟ್ಟವರೂ ಮುಪ್ಪಾಗಿದ್ದಾರೆ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ, ಮನೆಯಲ್ಲಿ ಉಳಿದಿರುವ ಒಬ್ಬಿಬ್ಬರು ಹಿರಿಯರಿಗೆ ಏಣಿ ಹತ್ತುವ ಶಕ್ತಿಯೂ ಇಲ್ಲ, ನಂಬಿ ಕರೆಯಬಹುದಾದ ಕೆಲಸಗಾರನೂ ಸಿಗುವುದಿಲ್ಲ.

ಎಲ್ಲ ಮರಗಳಿಗೂ ಒಂದೇ ಲೆಕ್ಕ ಹಾಕುವುದು ತಪ್ಪು. ಗುಲ್‌ಮೊಹರಿನ ಬೇರು ಮೇಲುಮೇಲೆ ಹರಿಯುತ್ತದೆ, ಮರ ಪೆಡಸು, ನಾಲ್ಕೈದು ದಶಕಗಳಲ್ಲಿ ಅದು ಬಲಗುಂದುವುದು ಸಹಜ. ಆಕಾಶಮಲ್ಲಿಗೆ, ನೀರುಕಾಯಿ ಮರಗಳ ಹರೆಗಳು ಗಾಳಿಗೆ ಬೇಗ ಮುರಿಯುತ್ತವೆ. ಆದರೆ ಅದೇ ವಯಸ್ಸಿನ ಹಲಸು ಇನ್ನೂ ಯೌವನದಲ್ಲಿರುತ್ತದೆ. ಬೀಜದಿಂದ ಬೆಳೆದ ಕಾಟುಮಾವು ನೂರು ವರ್ಷ ದಾಟಿಯೂ ಮಿಡಿ ಬಿಡುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೀಗಿರುವಾಗ ‘ಹಳೆಯ ಮರ’ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಗುಲ್‌ಮೊಹರಿನ ತಪ್ಪಿಗೆ ಹಲಸಿಗೆ ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಹೋದ ಮಳೆಗಾಲದಲ್ಲಿ ಪಕ್ಕದ ಬೀದಿಯಲ್ಲಿ ಮರ ಬಿತ್ತೆಂದು ತಮ್ಮ ಹಿತ್ತಲಿನ ಗಟ್ಟಿಮುಟ್ಟಾದ ಮರವನ್ನು ಹೆದರಿ ಕಡಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಅವರನ್ನು ದೂರಿ ಪ್ರಯೋಜನವಿಲ್ಲ. ಮರ ಗಟ್ಟಿಯಾಗಿದೆ ಎಂದು ಭರವಸೆ ಕೊಡಬಲ್ಲವರು ಯಾರೂ ಅವರಿಗೆ ಸಿಕ್ಕಿರಲಿಲ್ಲ.

ಈ ಕೋರಿಕೆಗೆ ಕಾನೂನಿನ ಆಧಾರ ಹೊಸದಾಗಿ ಹುಡುಕಬೇಕಾಗಿಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ನಗರದಲ್ಲಿ, ಸ್ವಂತ ಜಾಗದಲ್ಲಿಯೇ ಇದ್ದರೂ, ವಿನಾಯಿತಿ ಪಡೆದ ತೆಂಗು, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರ ಕಡಿಯಲು ವೃಕ್ಷಾಧಿಕಾರಿಗಳ ಅನುಮತಿ ಬೇಕು. ಇಷ್ಟು ಬಹುತೇಕ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಇನ್ನೆರಡು ಸಂಗತಿಗಳು. ಮೊದಲನೆಯದು, ಆ ಕಾನೂನಿನಲ್ಲಿ ಮರ ಕಡಿಯುವುದು ಎಂದರೆ ಬುಡಸಮೇತ ಉರುಳಿಸುವುದು ಮಾತ್ರವಲ್ಲ. ಕೊಂಬೆಗಳನ್ನು ಬೋಳಿಸುವುದು, ತಲೆ ಕತ್ತರಿಸುವುದು, ಸುತ್ತಲೂ ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಎಲ್ಲವೂ ಅದರ ವ್ಯಾಖ್ಯೆಯೊಳಗೇ ಬರುತ್ತವೆ. ಎರಡನೆಯದು, ಅದೇ ಕಾನೂನು ವೃಕ್ಷ ಪ್ರಾಧಿಕಾರಕ್ಕೆ ಮರಗಳ ಗಣತಿ ನಡೆಸುವ, ಮಾಲೀಕರಿಂದ ತಮ್ಮಲ್ಲಿರುವ ಮರಗಳ ಬಗ್ಗೆ ಘೋಷಣೆ ಪಡೆಯುವ, ಸಂರಕ್ಷಣೆಗೆ ಬೇಕಾದ ಪ್ರಾತ್ಯಕ್ಷಿಕೆ ಮತ್ತು ವಿಸ್ತರಣಾ ಸೇವೆಗಳನ್ನು ಏರ್ಪಡಿಸುವ ಕರ್ತವ್ಯಗಳನ್ನೂ ವಹಿಸಿದೆ. ಅನುಮತಿ ಕೊಡುವುದು, ನಿರಾಕರಿಸುವುದು ಆ ಕಾನೂನಿನ ಒಂದು ಮುಖವಾದರೆ ಆರೈಕೆಗೆ ನೆರವಾಗುವುದು ಅದರ ಇನ್ನೊಂದು ಮುಖ. ನಾನು ಕೇಳುತ್ತಿರುವುದು ಆ ಎರಡನೆಯ ಮುಖವನ್ನು.

ತಪಾಸಣೆ ಎಂದರೆ ಏನನ್ನು ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮನೆಯವರು ತಾವೇ ನೋಡಬಹುದಾದ ಲಕ್ಷಣಗಳೂ ಇವುಗಳಲ್ಲಿವೆ. ಮರಕ್ಕೆ ಆದ ಗಾಯ ನಮ್ಮ ಚರ್ಮದ ಗಾಯದ ಹಾಗೆ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಮರವು ರಾಸಾಯನಿಕವಾಗಿ ತಡೆಗೋಡೆ ಎಬ್ಬಿಸಿ, ಅದನ್ನು ಅಲ್ಲಿಯೇ ಕಟ್ಟಿಹಾಕಿ, ಅದರ ಹೊರಗೆ ಹೊಸ ಮರವನ್ನು ಬೆಳೆಸಿಕೊಂಡು ಹೋಗುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ. ಆದ್ದರಿಂದ ಪೊಟರೆ ಬಿದ್ದ ಮಾತ್ರಕ್ಕೆ ಮರ ಸತ್ತಿತೆಂದೋ ಬೀಳುತ್ತದೆಂದೋ ತೀರ್ಮಾನಿಸಬೇಕಾಗಿಲ್ಲ. ಮರದ ತಿರುಳು ಹೋದರೂ ಸುತ್ತಲಿನ ಗಟ್ಟಿ ಭಾಗ ಕೊಳವೆಯಂತೆ ಭಾರ ಹೊರುತ್ತದೆ. ಹಾಗೆ ಉಳಿದ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೆಯ ಒಂದು ಭಾಗದಷ್ಟಿದ್ದು, ಪೊಟರೆಯ ಬಾಯಿ ಬಹಳ ಅಗಲವಾಗಿ ತೆರೆದುಕೊಂಡಿರದಿದ್ದರೆ ಮರ ನಿಲ್ಲುತ್ತದೆ ಎಂಬುದು ಮರ ಪರೀಕ್ಷಕರು ಸಾಮಾನ್ಯವಾಗಿ ಬಳಸುವ ಅಂದಾಜು. ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತ ಹೋದರೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಅನುಭವಿಯ ಕಿವಿಗೆ ತಿಳಿಯುತ್ತದೆ. ಅನುಮಾನ ಉಳಿದಲ್ಲಿ ಸಪೂರ ಡ್ರಿಲ್ಲಿನಿಂದ ಅಳೆಯುವ ಉಪಕರಣಗಳೂ ಇವೆ. ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿಯನ್ನು ಮಾತ್ರ ಇನ್ನಾದರೂ ಕೈಬಿಡಬೇಕು. ಗಾಳಿಗೆ ತೂಗುವ ಮರದೊಳಗೆ ತೂಗದ ಸಿಮೆಂಟು ಉಜ್ಜುತ್ತದೆ, ತೇವ ಹಿಡಿದಿಟ್ಟು ಕೊಳೆಯನ್ನು ಹೆಚ್ಚಿಸುತ್ತದೆ.

ನಿಜವಾಗಿ ಹೆದರಬೇಕಾದ ಲಕ್ಷಣಗಳು ಬೇರೆ. ಮರ ವಾಲಿರುವುದು ದೊಡ್ಡ ವಿಷಯವಲ್ಲ. ಎಳೆಯ ವಯಸ್ಸಿನಿಂದಲೂ ಬೆಳಕಿನತ್ತ ವಾಲಿ ಬೆಳೆದ ಮರ ಅದಕ್ಕೆ ತಕ್ಕಂತೆ ಬೇರು ಬಿಟ್ಟಿರುತ್ತದೆ. ನೆಟ್ಟಗಿದ್ದ ಮರ ಇತ್ತೀಚೆಗೆ ವಾಲತೊಡಗಿದ್ದರೆ, ವಾಲಿದ ದಿಕ್ಕಿಗೆ ಎದುರು ಬದಿಯಲ್ಲಿ ನೆಲ ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿದ್ದರೆ, ಅಂದೇ ಸಂಬಂಧಪಟ್ಟವರಿಗೆ ತಿಳಿಸಬೇಕು, ಮನೆಯವರು ಆ ಕಡೆಯ ಕೋಣೆಯಲ್ಲಿ ಮಲಗಬಾರದು. ಮಳೆಗಾಲದಲ್ಲಿ ಬುಡದಲ್ಲಿ ಗಟ್ಟಿಯಾದ, ಬೀಸಣಿಗೆಯಾಕಾರದ ಅಣಬೆಗಳು ಕಾಂಡಕ್ಕೆ ಅಂಟಿಕೊಂಡು ಬೆಳೆದರೆ ಒಳಗೆ ಬೇರೋ ಬುಡವೋ ಕೊಳೆಯುತ್ತಿದೆ ಎಂದರ್ಥ. ಮರ ಎರಡಾಗಿ ಕವಲೊಡೆಯುವಲ್ಲಿ ತೊಗಟೆ ಒಳಕ್ಕೆ ಸಿಕ್ಕಿಕೊಂಡು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಇಕ್ಕಟ್ಟಾಗಿದ್ದರೆ, ಅದರಲ್ಲಿಯೂ ಕೆಳಗೆ ಬಿರುಕು ಇಳಿದಿದ್ದರೆ, ಒಂದಲ್ಲ ಒಂದು ದಿನ ಅಲ್ಲಿ ಸೀಳುತ್ತದೆ. ಮಾವಿನ ಕಾಂಡದಲ್ಲಿ ತೂತು, ಅದರ ಕೆಳಗೆ ಮರದ ಪುಡಿ ಕಂಡರೆ ಕಾಂಡಕೊರಕ ಹುಳುವಿನ ಕೆಲಸ. ಗೆದ್ದಲಿನ ಬಗ್ಗೆ ನಮ್ಮಲ್ಲಿ ಅತಿಯಾದ ಭಯವಿದೆ. ತೊಗಟೆಯ ಮೇಲೆ ಮಣ್ಣಿನ ಗೂಡು ಕಟ್ಟಿದ ಗೆದ್ದಲು ಹೆಚ್ಚಾಗಿ ಸತ್ತ ತೊಗಟೆಯನ್ನು ತಿನ್ನುತ್ತಿರುತ್ತದೆ, ಅದನ್ನು ಕೆರೆದು ತೆಗೆದು ಒಳಗೆ ಮರ ಹೇಗಿದೆ ಎಂದು ನೋಡಿದ ಮೇಲೆ ಮಾತನಾಡುವುದು ಒಳ್ಳೆಯದು.

ಮಲೆನಾಡಿನ ಹಿತ್ತಲುಗಳಿಗೆ ವಿಶೇಷವಾದ ಇನ್ನೊಂದು ಕಾಟ ಬಂದಳಿಕೆ ಎಂಬ ಪರಾವಲಂಬಿ ಗಿಡ. ಪುಟ್ಟ ಹಕ್ಕಿಗಳು ಅದರ ಹಣ್ಣು ತಿಂದು ಅಂಟುಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತವೆ, ಅದು ಅಲ್ಲಿಯೇ ಮೊಳೆತು ಮರದ ನೀರನ್ನೂ ಲವಣಗಳನ್ನೂ ಹೀರತೊಡಗುತ್ತದೆ. ಮಾವು, ಸಪೋಟಗಳಿಗೆ ಇದರ ಬಾಧೆ ಹೆಚ್ಚು. ದೂರದಿಂದ ಹಸಿರಾಗಿ ಕಾಣುವ ಎಷ್ಟೋ ಹಳೆಯ ಮಾವಿನ ಮರಗಳ ಹಸಿರಿನಲ್ಲಿ ಅರ್ಧ ಬಂದಳಿಕೆಯದೇ ಆಗಿರುತ್ತದೆ. ಬರೀ ಅದರ ಎಲೆ ಕೊಂಬೆ ಕೊಯ್ದು ತೆಗೆದರೆ ಮತ್ತೆ ಚಿಗುರುತ್ತದೆ. ಅಂಟಿಕೊಂಡ ಜಾಗಕ್ಕಿಂತ ಕಾಂಡದ ಕಡೆಗೆ ಒಂದು ಅಡಿಯಾದರೂ ಹಿಂದಕ್ಕೆ ಆ ಹರೆಯನ್ನೇ ತೆಗೆಯಬೇಕು, ಅದೂ ಬಂದಳಿಕೆ ಹಣ್ಣು ಬಿಡುವ ಮುಂಚೆ. ಒಂದು ಮನೆಯವರು ತೆಗೆಸಿ ಪಕ್ಕದ ಮನೆಯವರು ಬಿಟ್ಟರೆ ಪ್ರಯೋಜನವಿಲ್ಲವಾದ್ದರಿಂದ ಇದನ್ನು ಬೀದಿಯ ಎಲ್ಲ ಮನೆಗಳವರೂ ಒಟ್ಟಾಗಿಯೇ ಮಾಡಬೇಕಾಗುತ್ತದೆ.

ಈಗ ಬೇರಿನ ವಿಷಯ. ಈ ಪತ್ರದಲ್ಲಿ ಒಂದನ್ನು ಮಾತ್ರ ಓದುವಷ್ಟು ಬಿಡುವು ತಮಗಿದ್ದರೆ ಈ ಭಾಗವನ್ನು ಓದಬೇಕೆಂದು ಕೋರುತ್ತೇನೆ. ಮರದ ಬೇರು ಮರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ನೀರು, ಗಾಳಿ, ಸತ್ವಗಳನ್ನು ಹೀರುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಭಾಗದ ಎರಡು ಅಡಿಗಳೊಳಗೇ ಇರುತ್ತವೆ, ಆದರೆ ಅಡ್ಡಕ್ಕೆ ಅವು ಎಲೆ ಕೊಂಬೆಗಳ ಹಂದರದ ಅಂಚನ್ನು ದಾಟಿ ಬಹುದೂರ ಹರಡಿರುತ್ತವೆ. ಹೀಗಿರುವ ಮರದ ಒಂದು ಮಗ್ಗುಲಿಗೆ ಚರಂಡಿಗೆಂದು ಜೆಸಿಬಿ ಹಾಕಿ ಎರಡು ಮೂರು ಅಡಿ ಆಳ ಸೀಳಿಕೊಂಡು ಹೋದರೆ ಆ ಬದಿಯ ಆಸರೆ ಬೇರುಗಳೆಲ್ಲ ತುಂಡಾಗುತ್ತವೆ. ಮರ ಆ ದಿನ ಬೀಳುವುದಿಲ್ಲ. ಎಲೆಯೂ ಬಾಡುವುದಿಲ್ಲ. ಕತ್ತರಿಸಿದ ತುದಿಗಳಲ್ಲಿ ಕೊಳೆ ಹಿಡಿದು, ಎರಡು ಮೂರು ಮಳೆಗಾಲ ಕಳೆದು, ನೆಲ ನೆಂದು ಮೆತ್ತಗಾದ ಒಂದು ರಾತ್ರಿ ರಸ್ತೆಯ ಕಡೆಯಿಂದ ಗಾಳಿ ನುಗ್ಗಿದಾಗ ಹಿಡಿದಿಡಲು ಆ ಕಡೆ ಬೇರಿಲ್ಲದೆ ಮರ ಮನೆಯ ಕಡೆಗೇ ಮಗುಚುತ್ತದೆ. ಆಗ ಎಲ್ಲರೂ ಮರಕ್ಕೆ ವಯಸ್ಸಾಗಿತ್ತು ಎನ್ನುತ್ತಾರೆ. ಚರಂಡಿ ತೋಡಿದ ಗುತ್ತಿಗೆದಾರನ ಹೆಸರು ಯಾರ ಬಾಯಲ್ಲಿಯೂ ಬರುವುದಿಲ್ಲ.

ಇದಕ್ಕೆ ಸೇರಿದ್ದೇ ಬುಡಕ್ಕೆ ಸಿಮೆಂಟು ಹಾಕುವ ಚಟ. ಪಾದಚಾರಿ ಮಾರ್ಗಕ್ಕೆ ಇಂಟರ್‌ಲಾಕ್ ಟೈಲ್ಸ್ ಕೂರಿಸುವಾಗ ಕಾಂಡಕ್ಕೆ ತಾಗುವವರೆಗೆ ಕಾಂಕ್ರೀಟು ಸುರಿಯುತ್ತಾರೆ. ಮನೆಯವರೂ ಹಿಂದೆ ಬಿದ್ದಿಲ್ಲ, ಅಂಗಳಕ್ಕೆ ಟೈಲ್ಸ್ ಹಾಕಿ, ಮರದ ಸುತ್ತ ಅಂದವಾದ ಕಟ್ಟೆ ಕಟ್ಟಿ, ಅದರೊಳಗೆ ಎರಡು ಅಡಿ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾರೆ. ಹಾಗೆ ತುಂಬಿದ ಮಣ್ಣಿನಡಿ ಹಳೆಯ ಬೇರುಗಳಿಗೆ ಉಸಿರು ಕಟ್ಟುತ್ತದೆ, ಮುಚ್ಚಿಹೋದ ಕಾಂಡದ ತೊಗಟೆ ಸದಾ ತೇವದಲ್ಲಿದ್ದು ಕೊಳೆಯುತ್ತದೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಮರದ ಸುತ್ತ ಒಂದು ಮೀಟರ್ ವ್ಯಾಪ್ತಿಯಲ್ಲಿನ ಕಾಂಕ್ರೀಟನ್ನು ತೆಗೆಸಲು ಆದೇಶಿಸಿತ್ತು. ದೆಹಲಿಗೆ ಒಂದು ಮೀಟರ್ ಸಾಧ್ಯವಾದರೆ ಶಿವಮೊಗ್ಗಕ್ಕೆ ಅದು ಕಷ್ಟವಾಗಬಾರದು. ದೊಡ್ಡ ಮರಗಳಿಗೆ ಒಂದು ಮೀಟರ್ ಕೂಡ ಸಾಲದು ಎಂಬುದು ನನ್ನ ಅಭಿಪ್ರಾಯ. ರಸ್ತೆ ಮತ್ತು ಚರಂಡಿ ಕಾಮಗಾರಿಯ ಟೆಂಡರ್ ಷರತ್ತುಗಳಲ್ಲಿಯೇ ಇದನ್ನು ಸೇರಿಸಬೇಕು, ಮರದ ಹತ್ತಿರ ಜೆಸಿಬಿ ಬಿಟ್ಟು ಕೈಯಿಂದ ತೋಡಬೇಕು, ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕಿದರೆ ಪೈಪನ್ನು ಅದರಡಿ ತೂರಿಸಬೇಕು, ಷರತ್ತು ಮುರಿದವರ ಬಿಲ್ಲಿನಿಂದ ಹಣ ಹಿಡಿಯಬೇಕು. ಕೊನೆಯ ಮಾತು ಇಲ್ಲದಿದ್ದರೆ ಮೊದಲಿನವು ಕಾಗದದಲ್ಲಿಯೇ ಉಳಿಯುತ್ತವೆ.

ಬೇರಿನ ನಂತರ ಕೊಂಬೆ. ಮಳೆಗಾಲಕ್ಕೆ ಮುನ್ನ ತಂತಿಗಳ ಕೆಳಗೆ ನಡೆಯುವ ‘ಜಂಗಲ್ ಕಟಿಂಗ್’ ಅಗತ್ಯವಾದ ಕೆಲಸವೇ. ಗಾಳಿಗೆ ಕೊಂಬೆ ತಂತಿಯ ಮೇಲೆ ಬಿದ್ದು ಜೀವ ಹೋಗಬಾರದಲ್ಲ. ಆಕ್ಷೇಪ ಇರುವುದು ಕಡಿಯುವ ರೀತಿಗೆ. ಮೇಲಿನ ಅರ್ಧವನ್ನು ಸೀದಾ ಬೋಳಿಸುವುದು, ತಂತಿಯ ಕಡೆಯ ಮಗ್ಗುಲನ್ನು ಮಾತ್ರ ಕಾಂಡದವರೆಗೆ ಕೆತ್ತಿ ಇನ್ನೊಂದು ಮಗ್ಗುಲಿನ ಭಾರವನ್ನು ಹಾಗೆಯೇ ಬಿಡುವುದು, ಮೊಳ ಉದ್ದದ ಮೊಂಡುಗಳನ್ನು ಉಳಿಸುವುದು, ಇವೆಲ್ಲ ಇಂದಿನ ಅಪಾಯವನ್ನು ನಾಲ್ಕು ವರ್ಷ ಮುಂದಕ್ಕೆ ಹಾಕುವ ಕೆಲಸಗಳು. ತಲೆ ಬೋಳಿಸಿದ ಮರ ಜೀವ ಉಳಿಸಿಕೊಳ್ಳಲು ಗಾಯದ ಅಂಚಿನಿಂದ ಒತ್ತೊತ್ತಾಗಿ ಚಿಗುರು ಹೊರಡಿಸುತ್ತದೆ. ಆ ಚಿಗುರುಗಳು ಬೇಗ ಉದ್ದವಾಗುತ್ತವೆ, ಆದರೆ ಅವುಗಳ ಹಿಡಿತ ಮೇಲುಮೇಲಿನದು. ಕೆಳಗಿನ ಮೊಂಡು ಕೊಳೆಯುತ್ತ ಬಂದಂತೆ ಅವೇ ಮುಂದೆ ಗಾಳಿಗೆ ಕಿತ್ತು ಬೀಳುತ್ತವೆ. ಸರಿಯಾದ ಕ್ರಮವೇನೂ ಗಹನವಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಆ ಉಬ್ಬನ್ನು ಮುಟ್ಟದೆ, ಅದರ ಹೊರಗೇ, ಮೊಂಡೂ ಉಳಿಯದ ಹಾಗೆ ಕೊಯ್ಯಬೇಕು. ದಪ್ಪ ಕೊಂಬೆಯಾದರೆ ಮೊದಲು ಸ್ವಲ್ಪ ಆಚೆ ಕೆಳಗಿನಿಂದ ಒಂದು ಕಚ್ಚು, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಬ್ಬಿನ ಬಳಿ ಮುಗಿಸಬೇಕು. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಮುಪ್ಪಿನ ಮರಕ್ಕೆ ಅದಕ್ಕಿಂತಲೂ ಕಡಿಮೆ. ಗಾಯಕ್ಕೆ ಟಾರು, ಪೇಂಟು ಬಳಿಯುವುದರಿಂದ ಲಾಭವಿಲ್ಲ. ನಮ್ಮ ಅಡಿಕೆ ಬೆಳೆಗಾರರಿಗೆ ಕೈತಾಗಿರುವ ಮೈಲುತುತ್ತ ಸುಣ್ಣದ ಬೋರ್ಡೋ ಮುಲಾಮನ್ನು ಹಚ್ಚುವವರು ಹಚ್ಚಲಿ, ಆದರೆ ತಪ್ಪು ಜಾಗದಲ್ಲಿ ಕೊಯ್ದದ್ದನ್ನು ಯಾವ ಮುಲಾಮೂ ಸರಿಪಡಿಸುವುದಿಲ್ಲ.

ಹೀಗೆ ಮರ ಸವರಬಲ್ಲವರು ಸಿಗುವುದಿಲ್ಲ ಎಂಬ ಉತ್ತರ ಬರಬಹುದು. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆಗಳ ಕಾಫಿ ತೋಟಗಳಲ್ಲಿ ಪ್ರತಿ ವರ್ಷ ಮರಗಸಿ, ಎಂದರೆ ನೆರಳು ಮರಗಳ ಹರೆ ಸವರುವ ಕೆಲಸ, ನಡೆಯುತ್ತದೆ. ಯಾವ ಹರೆ ತೆಗೆದರೆ ಎಷ್ಟು ಬಿಸಿಲು ಕೆಳಗೆ ಇಳಿಯುತ್ತದೆ, ಯಾವುದನ್ನು ಬಿಟ್ಟರೆ ಮರದ ತೂಕ ಸಮನಾಗಿರುತ್ತದೆ ಎಂದು ನೆಲದಲ್ಲಿ ನಿಂತೇ ಹೇಳಬಲ್ಲ ಕಸುಬುದಾರರು ಅಲ್ಲಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು ತರುವ ಬಲ್ಲವರು ತುದಿ ಬಿಟ್ಟು ಪಕ್ಕದ ರೆಂಬೆ ಮಾತ್ರ ಸವರುತ್ತಾರೆ. ಮರ ಮುಂದಿನ ವರ್ಷವೂ ಸೊಪ್ಪು ಕೊಡಬೇಕೆಂಬುದು ಅವರಿಗೆ ಗೊತ್ತು. ಈ ಜ್ಞಾನ ಘಟ್ಟದ ಊರುಗಳಲ್ಲಿ ಹೇರಳವಾಗಿದ್ದೂ ನಗರದ ಮರದ ಕೆಲಸ ಮಾತ್ರ ಮಿಷನ್ ಗರಗಸ ಇದ್ದವರ ಪಾಲಾಗಿರುವುದಕ್ಕೆ ಕಾರಣ, ಗುತ್ತಿಗೆಯಲ್ಲಿ ಕೌಶಲಕ್ಕೆ ಬೆಲೆ ಇಲ್ಲದಿರುವುದು, ಮರದ ದಿಮ್ಮಿಗೆ ಬೆಲೆ ಇರುವುದು. ಕೊಯ್ದ ಸೌದೆ ಕೊಯ್ದವನಿಗೇ ಎಂಬ ಒಪ್ಪಂದದಲ್ಲಿ ಯಾರು ತಾನೇ ಸಣ್ಣ ಹರೆ ಕೊಯ್ದು ದೊಡ್ಡದನ್ನು ಬಿಟ್ಟಾರು?

ಆದರೆ ಮರಗಸಿಯ ಕಸುಬಿಗೆ ಇನ್ನೊಂದು ಮುಖವೂ ಇದೆ. ಮರದಿಂದ ಬಿದ್ದು, ಅಲ್ಯುಮಿನಿಯಂ ಏಣಿ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರನ್ನು ನಗರಕ್ಕೆ ಕರೆಯುವುದಾದರೆ ಸುರಕ್ಷತಾ ಬೆಲ್ಟು, ಹಗ್ಗ, ಹೆಲ್ಮೆಟ್ಟು, ವಿಮೆ ಎಲ್ಲವನ್ನೂ ಕೊಟ್ಟು, ತಂತಿಯ ಬಳಿಯ ಕೆಲಸಕ್ಕೆ ವಿದ್ಯುತ್ ನಿಲ್ಲಿಸುವುದನ್ನು ಲಿಖಿತವಾಗಿ ಖಚಿತಪಡಿಸಿಕೊಂಡ ಮೇಲೆಯೇ ಮರ ಹತ್ತಿಸಬೇಕು. ತರಬೇತಿಗೆ ದೂರ ಹೋಗಬೇಕಾಗಿಲ್ಲ. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲಿಯೇ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವೂ ಇದೆ. ಅಲ್ಲಿನ ಅಧ್ಯಾಪಕರು, ಅಂತಿಮ ವರ್ಷದ ವಿದ್ಯಾರ್ಥಿಗಳು, ಮರಗಸಿಯ ಅನುಭವಿಗಳು ಮತ್ತು ಮೆಸ್ಕಾಂನ ಲೈನ್‌ಮನ್‌ಗಳು ಒಂದು ವಾರ ಒಟ್ಟಿಗೆ ಕುಳಿತು ಕಲಿತರೆ ನಗರಕ್ಕೆ ಬೇಕಾದ ಮೊದಲ ತಂಡ ಸಿದ್ಧವಾಗುತ್ತದೆ.

ಮನೆಯವರಿಗೂ ಒಂದೆರಡು ಮಾತು ಹೇಳಲೇಬೇಕು. ಬುಡದಲ್ಲಿ ದರಗು ಗುಡ್ಡೆ ಹಾಕಿ ಬೆಂಕಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ತೊಗಟೆಯ ಒಳಪದರ ಬೆಂದುಹೋದ ಮರಕ್ಕೆ ಆ ಬದಿಯಲ್ಲಿ ಆಹಾರ ಹರಿಯುವುದಿಲ್ಲ. ಅದೇ ದರಗನ್ನು ಕಾಂಡಕ್ಕೆ ತಾಗದಂತೆ ಸುತ್ತಲೂ ಹರಡಿದರೆ ಬೇಸಿಗೆಯಲ್ಲಿ ಮಣ್ಣು ತಂಪಾಗಿರುತ್ತದೆ, ಗೊಬ್ಬರವೂ ಆಗುತ್ತದೆ. ತೋಟದ ಮನೆಯಿಂದ ಬಂದವರು ಇದನ್ನು ಮರೆತದ್ದು ಹೇಗೋ ತಿಳಿಯದು. ಗೇಟಿನ ಬೋರ್ಡು, ಕೇಬಲ್ಲು, ಬಟ್ಟೆ ಒಣಗಿಸುವ ತಂತಿ ಯಾವುದನ್ನೂ ಕಾಂಡಕ್ಕೆ ಸುತ್ತಿ ಬಿಗಿಯಬೇಡಿ, ಮರ ದಪ್ಪವಾದಂತೆ ಅದು ಒಳಕ್ಕೆ ಕೊರೆಯುತ್ತದೆ. ಪಕ್ಕದ ಮನೆಯ ಅಂಗಳಕ್ಕೆ ಎಲೆ ಬೀಳುತ್ತದೆಂಬ ಜಗಳಕ್ಕೆ ಮರ ಕಡಿಯುವುದು ಪರಿಹಾರವಲ್ಲ, ಗುಡಿಸುವ ಕೂಲಿಯನ್ನು ಇಬ್ಬರೂ ಹಂಚಿಕೊಳ್ಳಬಹುದು. ಒಳಚರಂಡಿ ಪೈಪಿಗೆ ಬೇರು ನುಗ್ಗಿದ್ದರೆ ಸಾಮಾನ್ಯವಾಗಿ ಪೈಪು ಮೊದಲೇ ಸೋರುತ್ತಿತ್ತು ಎಂದು ತಿಳಿಯಬೇಕು. ಹಾಗೆಯೇ, ಮನೆಯ ಮೇಲೆ ಬೀಳುವಂತಿಲ್ಲದ ಒಣ ಹರೆಯೊಂದು ಎತ್ತರದಲ್ಲಿದ್ದರೆ ಅದನ್ನು ಬಿಡಿ. ಕುಟ್ರುಹಕ್ಕಿ ಗೂಡು ಕೊರೆಯುವುದು ಅಂಥ ಮೆತ್ತಗಾದ
ಒಣಮರದಲ್ಲಿಯೇ.

ಕಡಿಯಲೇಬೇಕಾದ ಮರಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬುಡ ಕೊಳೆತು ಮನೆಯ ಕಡೆಗೆ ಹೊಸದಾಗಿ ವಾಲಿದ ಮರಕ್ಕೆ ಅನುಮತಿ ಕೊಡಲು ವಾರಗಟ್ಟಲೆ ಕಾಯಿಸುವುದು, ಆರೋಗ್ಯವಾಗಿರುವ ಮರಕ್ಕೆ ನಿವೇಶನ ಮಾರಾಟದ ಅನುಕೂಲಕ್ಕಾಗಿ ಒಂದೇ ದಿನದಲ್ಲಿ ಅನುಮತಿ ಕೊಡುವುದು ಎರಡೂ ತಪ್ಪು. ವಾರ್ಷಿಕ ತಪಾಸಣೆಯ ವಹಿ ಇದ್ದರೆ ಇಂಥ ತೀರ್ಮಾನಕ್ಕೆ ಒಂದು ಆಧಾರ ಸಿಗುತ್ತದೆ: ಕಳೆದ ಮೂರು ವರ್ಷ ಈ ಮರ ಹೇಗಿತ್ತು, ಯಾರು ನೋಡಿದರು, ಏನು ಸೂಚಿಸಿದರು, ಸೂಚಿಸಿದ್ದನ್ನು ಮಾಡಿದರೋ ಇಲ್ಲವೋ. ಕಡಿದ ಮರಕ್ಕೆ ಬದಲಿ ಗಿಡ ನೆಡುವ ಷರತ್ತು ಕಾನೂನಿನಲ್ಲಿಯೇ ಇದೆ. ಆದರೆ ಹಳೆಯ ಮರ ಬೀಳುವವರೆಗೆ ಕಾಯದೆ ಅದರ ಉತ್ತರಾಧಿಕಾರಿಯನ್ನು ಹತ್ತು ಹದಿನೈದು ವರ್ಷ ಮೊದಲೇ ನೆಡುವುದು ಜಾಣತನ. ಅಗಲವಾದ ರಸ್ತೆಗಳಿಗೆ ಹೊಂಗೆ, ನೇರಳೆ, ರಂಜೆ, ಸುರಹೊನ್ನೆ, ಹೊಳೆದಾಸವಾಳಗಳು ಸರಿಹೊಂದುತ್ತವೆ. ತಂತಿ ಹಾದುಹೋಗುವ ಕಡೆ ಪಾರಿಜಾತ, ಕರಿಬೇವು, ಮಂದಾರಗಳಂಥ ಗಿಡ್ಡ ಜಾತಿಗಳನ್ನು ನೆಟ್ಟರೆ ಮುಂದಿನ ತಲೆಮಾರಿನ ಲೈನ್‌ಮನ್‌ಗಳಿಗೆ ಗರಗಸ ಎತ್ತುವ ಕೆಲಸ ಉಳಿಯುವುದಿಲ್ಲ. ಒಂದೇ ಬೀದಿಗೆ ಒಂದೇ ಜಾತಿ, ಒಂದೇ ವರ್ಷ ನೆಡುವ ಹಳೆಯ ತಪ್ಪು ಮಾತ್ರ ಮರುಕಳಿಸದಿರಲಿ.

ತಪಾಸಣೆಗೆ ತಕ್ಕ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗಿನದು. ಆಗ ಎಲೆ ಉದುರಿಸುವ ಮರಗಳ ಹಂದರ ತೆರೆದಿರುತ್ತದೆ, ನೆಲ ಒಣಗಿರುತ್ತದೆ, ಗಾಯಗಳಿಗೆ ಮಳೆಗಾಲದ ಶಿಲೀಂಧ್ರ ಹತ್ತುವ ಭಯ ಕಡಿಮೆ, ಭರಣಿಗೆ ಇನ್ನೂ ಸಮಯವಿರುತ್ತದೆ. ಮಳೆಗಾಲ ನಿಂತ ಮೇಲೆ, ಬುಡದ ಅಣಬೆಗಳು ಕಾಣುವ ಕಾಲದಲ್ಲಿ, ಅನುಮಾನದ ಮರಗಳನ್ನು ಮಾತ್ರ ಇನ್ನೊಮ್ಮೆ ನೋಡಿದರೆ ಸಾಕು. ಸವರುವ ವೆಚ್ಚವನ್ನು ರಸ್ತೆ ಬದಿಯ ಮರಗಳಿಗೆ ಪಾಲಿಕೆ ಭರಿಸಲಿ, ಹಿತ್ತಲಿನ ಮರಗಳಿಗೆ ಮನೆಯವರು ಭರಿಸಲಿ. ಪಿಂಚಣಿಯನ್ನೇ ನಂಬಿರುವ ಹಿರಿಯರ ಮನೆಗಳಿಗೆ ಪಾಲಿಕೆ ಅರ್ಧ ಕೊಡುವ ಅಥವಾ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಬಗ್ಗೆ ಆಲೋಚಿಸಬಹುದು.

ಇಡೀ ನಗರಕ್ಕೆ ಒಮ್ಮೆಲೇ ಇದನ್ನು ಆರಂಭಿಸಿ ಎಂದು ನಾನು ಕೇಳುತ್ತಿಲ್ಲ. ಬರುವ ಸಂಕ್ರಾಂತಿಯ ನಂತರ ಒಂದು ಹಳೆಯ ಬಡಾವಣೆಯನ್ನು ಆರಿಸಿಕೊಂಡು, ಅಲ್ಲಿನ ಬೀದಿ ಮತ್ತು ಹಿತ್ತಲುಗಳ ದೊಡ್ಡ ಮರಗಳಿಗೆ ಸಂಖ್ಯೆ ಕೊಟ್ಟು, ಜಾತಿ, ಸುತ್ತಳತೆ, ಕಂಡ ಲಕ್ಷಣ, ಮಾಡಬೇಕಾದ ಕೆಲಸ ಇಷ್ಟನ್ನು ವಹಿಯಲ್ಲಿ ದಾಖಲಿಸಿ, ಆ ವಹಿಯನ್ನು ವಾರ್ಡ್ ಕಚೇರಿಯಲ್ಲಿ ಸಾರ್ವಜನಿಕರಿಗೆ ನೋಡಲು ಇಡಿ. ನಮ್ಮ ಬೀದಿಯ ನಿವಾಸಿಗಳು ಮರಗಳ ಮೊದಲ ಪಟ್ಟಿಯನ್ನು ತಾವೇ ಸಿದ್ಧಪಡಿಸಿ ಕೊಡಲು, ತಂಡ ಬಂದ ದಿನ ಜೊತೆಗೆ ನಡೆದು ಹಿತ್ತಲುಗಳ ಗೇಟು ತೆಗೆಸಿಕೊಡಲು ಒಪ್ಪಿದ್ದಾರೆ. ತಂಡದಲ್ಲಿ ಯಾರಿರುತ್ತಾರೆ, ಯಾವ ಬಡಾವಣೆಯಿಂದ ಆರಂಭ, ಬೇರು ಕಡಿಯದಿರುವ ಷರತ್ತು ಮುಂದಿನ ಟೆಂಡರುಗಳಲ್ಲಿ ಸೇರುತ್ತದೆಯೇ ಎಂಬ ಈ ಮೂರು ಪ್ರಶ್ನೆಗಳಿಗೆ ದೀಪಾವಳಿಯೊಳಗೆ ಲಿಖಿತ ಉತ್ತರ ದೊರೆತರೆ ನಮ್ಮ ಕಡೆಯ ಸಿದ್ಧತೆಗೆ ಎರಡು ತಿಂಗಳು ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಶಿವಮೊಗ್ಗದ ಹಳೆಯ ಬಡಾವಣೆಯೊಂದರ ನಿವಾಸಿ